ಹೊಟಗಿಯಲ್ಲಿ ಇಳಿದು ಏರಿದ ಸರಕು

ಸೊಲ್ಲಾಪುರದಿಂದ ವಿಜಯಪುರಕ್ಕೆ ಹೊರಟ ರೈಲು ಹೊಟಗಿಯನ್ನು ಇಂದು ಬಹುಬೇಗ ದಾಟಿಬಿಡುತ್ತದೆ. ಕಿಟಕಿಯಾಚೆ ನೋಡುವ ನಮ್ಮ ಮೊಮ್ಮಕ್ಕಳಿಗೆ ಅಲ್ಲಿ ವಿಶೇಷವೇನೂ ಕಾಣದು. ಆದರೆ ಭೀಮೆಯ ಇಕ್ಕೆಲದ ಊರುಗಳ ಕಿರಾಣಿ ಅಂಗಡಿಗಳಿಗೆ ಉಪ್ಪು, ಸಕ್ಕರೆ, ಸೀಮೆಎಣ್ಣೆಗಳು ಹೇಗೆ ಬಂದು ಮುಟ್ಟಿದವೆಂಬ ಇತಿಹಾಸದಲ್ಲಿ ಈ ನಿಲ್ದಾಣಕ್ಕೆ ದೊಡ್ಡ ಪಾಲಿದೆ.

ರೈಲಿಗೆ ಮುಂಚೆ ಸಾಗಾಟವೆಲ್ಲ ಎತ್ತಿನದೇ. ಲಂಬಾಣಿಗರು ಹೇರೆತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ತರುತ್ತಿದ್ದರು. 1860ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಸೊಲ್ಲಾಪುರವನ್ನು ಮುಟ್ಟಿತು; 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಸೊಲ್ಲಾಪುರದ ಪೇಟೆ ಬೆಳೆಯಿತು. ನದಿಯ ದಕ್ಷಿಣಕ್ಕೆ ಮಾತ್ರ ಚಕ್ಕಡಿಯೇ ಗತಿಯಾಗಿ ಉಳಿಯಿತು.

ಈ ಕೊರತೆಯ ಬೆಲೆಯನ್ನು ಜನ ತೆತ್ತದ್ದು 1876-78ರ ಮಹಾಕ್ಷಾಮದಲ್ಲಿ. ಸೊಲ್ಲಾಪುರದವರೆಗೆ ಧಾನ್ಯವನ್ನು ರೈಲು ತರಬಲ್ಲುದಾಗಿತ್ತು. ಅಲ್ಲಿಂದ ವಿಜಯಪುರ ಸುಮಾರು 100 ಕಿಲೋಮೀಟರ್. ಚಕ್ಕಡಿಗೆ ನಾಲ್ಕೈದು ದಿನದ ಹಾದಿ. ಎಳೆಯುವ ಎತ್ತಿಗೂ ಮೇವು ಬೇಕು, ನೀರು ಬೇಕು. ಅವೆರಡೂ ಇಲ್ಲದ ವರ್ಷ ಅದು. ಎತ್ತು ಸತ್ತ ಮೇಲೆ ಗಾಡಿ ಎಲ್ಲಿಯದು? ಕ್ಷಾಮವೆಂದರೆ ಕಾಳಿಲ್ಲದ ಕಾಲವೆಂದೇ ನಾನು ಬಹುವರ್ಷ ಪಾಠ ಹೇಳಿದೆ. ಇದ್ದ ಕಾಳು ಹಸಿದವನ ಊರಿಗೆ ಬಾರದಿರುವುದು, ಬಂದರೂ ಅವನ ಕೈಗೆಟುಕದ ಬೆಲೆಗೆ ಬರುವುದು ಕೂಡ ಕ್ಷಾಮವೇ ಎಂಬುದನ್ನು ತಡವಾಗಿ ತಿಳಿದುಕೊಂಡೆ.

1880ರ ಕ್ಷಾಮ ಆಯೋಗ ಬರಪೀಡಿತ ಸೀಮೆಗಳಿಗೆ ರೈಲು ಬೇಕೆಂದಿತು. ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ, 1884ರಲ್ಲಿ ಹೊಟಗಿಯಿಂದ ವಿಜಯಪುರ, ಬಾಗಲಕೋಟೆಗಳ ಮೇಲೆ ಗದಗಿಗೆ ಹಳಿ ಬಿತ್ತು. ಮರುವರ್ಷ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂದಿತು.

ಆದರೆ ಖರ್ಚು ಉಳಿಸಲೆಂದು ಹಾಸಿದ ಈ ಹಳಿ ಮೀಟರ್ ಗೇಜಿನದು. ಎರಡು ಕಂಬಿಗಳ ನಡುವೆ 1000 ಮಿಲಿಮೀಟರ್. ಮುಂಬಯಿಯ ಹಳಿ 1676 ಮಿಲಿಮೀಟರಿನದು. (ಅಡಿ ಅಂಗುಲಗಳಲ್ಲೇ ಲೆಕ್ಕ ಹಾಕುತ್ತಿದ್ದ ಆಂಗ್ಲರು ಇದೊಂದಕ್ಕೆ ಮೀಟರನ್ನು ಹಿಡಿದದ್ದು ವಿಚಿತ್ರವೇ.) ಹೀಗಾಗಿ ಮುಂಬಯಿಯ ವ್ಯಾಗನ್ ಹೊಟಗಿಯಿಂದ ಮುಂದೆ ಒಂದು ಮಾರೂ ಹೋಗಲಾರದು. ಸರಕೆಲ್ಲ ಇಲ್ಲಿ ಇಳಿಯಬೇಕು, ಮತ್ತೆ ಏರಬೇಕು. ದೊಡ್ಡ ಹಳಿಯ ಒಂದು ವ್ಯಾಗನ್ ತುಂಬಿದ ಮಾಲು ಚಿಕ್ಕ ಹಳಿಯ ಒಂದು ವ್ಯಾಗನ್ನಿನಲ್ಲಿ ಹಿಡಿಯುತ್ತಲೂ ಇರಲಿಲ್ಲ.

1960ರ ಸುಮಾರಿಗೆ ನನ್ನ ಸೋದರಮಾವನ ಕೈ ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಅವರದು ಸಣ್ಣ ಕಿರಾಣಿ ಅಂಗಡಿ. ಅಕ್ಕಪಕ್ಕ ನಿಂತ ಎರಡು ಮಾಲುಗಾಡಿಗಳ ನಡುವೆ ಹಲಗೆ ಹಾಸಿರುತ್ತಿದ್ದರು. ಕ್ವಿಂಟಲ್ ತೂಕದ ಚೀಲ ಹೊತ್ತ ಹಮಾಲರು ಒಬ್ಬರ ಹಿಂದೊಬ್ಬರು ಅದರ ಮೇಲೆ ನಡೆಯುತ್ತಿದ್ದರು. ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಆರಂಭ. ಕಾಗದ ಪತ್ರಗಳು ಯಾವ ಭಾಷೆಯಲ್ಲಿದ್ದರೂ ಎಣಿಕೆ ಮಾತ್ರ ಅಚ್ಚ ಕನ್ನಡದಲ್ಲಿ. ಹರಿದ ಚೀಲದಿಂದ ಸುರಿದ ಕಾಳನ್ನು ಬಡ ಹೆಂಗಸರು ಗುಡಿಸಿ ಮೊರಕ್ಕೆ ತುಂಬಿಕೊಳ್ಳುತ್ತಿದ್ದರು. ಹಮಾಲಿ, ಸೋರಿಕೆ, ಕಾದು ಕುಳಿತ ದಿನಗಳು ಎಲ್ಲವನ್ನೂ ಮಾವ ಲೆಕ್ಕದ ವಹಿಯಲ್ಲಿ ಬರೆದು, ಕೊನೆಗೆ ಸೇರಿನ ದರದಲ್ಲಿ ಸೇರಿಸುತ್ತಿದ್ದರು. ಒಂದು ಆಣೆಯ ಬೆಲ್ಲ ಕೊಳ್ಳುವ ಮುದುಕಿಯೂ ಆ ಎರಡು ಹಳಿಗಳ ಅಂತರಕ್ಕೆ ತನ್ನ ಪಾಲು ತೆರುತ್ತಿದ್ದಳು, ಅವಳಿಗದು ಗೊತ್ತಿರಲಿಲ್ಲ.

ಬರಬರುತ್ತ ಲಾರಿಗಳು ಹೆಚ್ಚಿದವು. ಅವು ಮಾಲನ್ನು ಅಂಗಡಿಯ ಕಟ್ಟೆಗೇ ತಂದಿಳಿಸಿದ್ದರಿಂದ ಮಾವ ಹೊಟಗಿಯ ದಾರಿ ಮರೆತರು. ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಕಾರ್ಯ 1992ರಲ್ಲಿ ಮೊದಲಾಗಿ, ಹೊಸ ಶತಮಾನದ ಮೊದಲ ದಶಕದಲ್ಲಿ ನಮ್ಮ ಮಾರ್ಗವೂ ಅಗಲವಾಯಿತು. ಬರಬೇಕಾದದ್ದು ಬಂತೆಂದು ನನಗೆ ಸಂತೋಷವೇ. ಆದರೂ ಆ ಹಲಗೆಯ ಮೇಲೆ ನಡೆದವರೊಬ್ಬರು ನನ್ನ ಶಿಷ್ಯನೊಬ್ಬನ ತಂದೆ. ನಿವೃತ್ತನಾದ ಮೇಲೆ ಒಮ್ಮೆ ಅವರ ಮನೆಗೆ ಹೋಗಿದ್ದೆ. ಬಲಹೆಗಲು ಎಡಹೆಗಲಿಗಿಂತ ಎರಡು ಬೆರಳು ತಗ್ಗಿತ್ತು. ‘ಮಾಸ್ತರ್ರ, ಮಗನಿಗೆ ಅಂಗಿ ಹೊಲಿಸುವಾಗ ದರ್ಜಿ ಒಂದೇ ಅಳತಿ ತಗೋತಾನ್ರಿ, ನನಗ ಎರಡು’ ಎಂದು ನಕ್ಕು, ಚಹಾ ತರಲು ಸೊಸೆಯನ್ನು ಕೂಗಿದರು.