ಕಡಲಾಚೆಗೆ ಲಾರಿ, ಊರ ಸಂತೆಗೆ ತಾಂಬ್ರ

ಬಿಜಾಪುರದ ಎರಡನೆಯ ಅಲಿ ಆದಿಲ್‌ಶಾಹ (1656–1672) ಹೊರಡಿಸಿದ ಬೆಳ್ಳಿ ನಾಣ್ಯ ನೋಡಿದವರು ಅದನ್ನು ನಾಣ್ಯವೆಂದು ಒಮ್ಮೆಗೇ ನಂಬುವುದಿಲ್ಲ. ಅದು ಬಿಲ್ಲೆಯಲ್ಲ, ನಡುವೆ ಮಡಚಿದ ಬೆಳ್ಳಿ ತಂತಿ. ಆಕಾರ ತಲೆಗೂದಲಿನ ಪಿನ್ನಿನದು. ತಂತಿಯನ್ನು ಬಡಿದು ಚಪ್ಪಟೆ ಮಾಡಿ ಸುಲ್ತಾನನ ಹೆಸರಿನ ಅಚ್ಚು ಒತ್ತುತ್ತಿದ್ದರು. ತಂತಿಗಿಂತ ಅಚ್ಚು ಅಗಲ, ಹೀಗಾಗಿ ಅಕ್ಷರಗಳು ಅರ್ಧಂಬರ್ಧ ಮೂಡುತ್ತಿದ್ದವು. ತೂಕ ಐದು ಗ್ರಾಮಿಗೆ ತುಸು ಕಡಿಮೆ. ಬೆಳ್ಳಿ ಅಪ್ಪಟವೇ ಎಂದು ವರ್ತಕರು ಕೆತ್ತಿ ನೋಡಿದ ಗಾಯಗಳು ಇಂಥ ಎಷ್ಟೋ ನಾಣ್ಯಗಳ ಮೇಲಿವೆ.

ಇದರ ಹೆಸರು ಲಾರಿ. ಪರ್ಷಿಯಾದ ಲಾರ್ ಪಟ್ಟಣದಿಂದ ಬಂದ ಈ ಬಗೆಯ ನಾಣ್ಯ ಹೊರ್ಮುಜ್, ಬಸ್ರಾಗಳಿಂದ ಮಾಲ್ಡೀವ್ಸ್, ಸಿಂಹಳದವರೆಗೂ ನಡೆಯುತ್ತಿತ್ತು. ಫ್ರಾನ್ಸಿನ ರತ್ನವ್ಯಾಪಾರಿ ತವೆರ್ನಿಯೆ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ಅರೇಬಿಯಾದ ಹಣವೆಂದೇ ಚಿತ್ರಿಸಿದ್ದಾನೆ.

ಬಯಲುಸೀಮೆಯ ದೊರೆಗೆ ಕಡಲಾಚೆಯ ಈ ರೂಪ ಬೇಕಾದದ್ದು ವ್ಯಾಪಾರಕ್ಕಾಗಿ. 1510ರಲ್ಲಿ ಗೋವೆ ಪೋರ್ಚುಗೀಸರ ಪಾಲಾದ ಮೇಲೆ ಆದಿಲ್‌ಶಾಹಿಗೆ ಕೊಂಕಣದ ದಾಭೋಳ ಬಂದರೇ ದೊಡ್ಡ ಆಸರೆ. ಮೆಕ್ಕಾ, ಏಡನ್, ಹೊರ್ಮುಜ್‌ಗಳ ಹಡಗುಗಳು ಅಲ್ಲಿಗೆ ಕುದುರೆ ತರುತ್ತಿದ್ದವು. ಒಳನಾಡಿಗೆ ಹೋಗುವ ತಾಮ್ರ, ಪಾದರಸ, ಇಂಗಳೀಕಗಳೂ ಆ ಬಂದರಿನಲ್ಲಿ ಇಳಿಯುತ್ತಿದ್ದವೆಂದು ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ಬಾರ್ಬೋಸಾ ದಾಖಲಿಸಿದ್ದಾನೆ.

ತಾಮ್ರ ಬೇಕಿದ್ದದ್ದು ಇಲ್ಲಿ, ಬಿಜಾಪುರದ ಸೀಮೆಯಲ್ಲಿ. ಹಲಸಂಗಿ, ಇಂಡಿ, ಸಿಂದಗಿಗಳ ಕರಿಮಣ್ಣಿನಡಿ ತಾಮ್ರದ ಗಣಿಗಳಿಲ್ಲ. ಜೋಳ, ಎಣ್ಣೆ, ಉಪ್ಪಿನ ಚಿಲ್ಲರೆ ವ್ಯವಹಾರಕ್ಕೆ ಚಿನ್ನದ ಹೊನ್ನು ತೀರ ದೊಡ್ಡದು. ಬಿಜಾಪುರದ ಬೆಳ್ಳಿಯೆಂದರೆ ಬಹುಮಟ್ಟಿಗೆ ಲಾರಿಯೇ. ಹೀಗಾಗಿ ಸಾಮಾನ್ಯರ ಕೈಗೆ ಸಿಕ್ಕ ಸರಕಾರಿ ಹಣ ತಾಂಬ್ರದ ದಪ್ಪ ಬಿಲ್ಲೆ. ದೊಡ್ಡದು, ನಡುವಿನದು, ಸಣ್ಣದು ಎಂದು ಬೇರೆ ಬೇರೆ ತೂಕದಲ್ಲಿ ಇವನ್ನು ಟಂಕಿಸುತ್ತಿದ್ದರು. ಎರಡನೆಯ ಇಬ್ರಾಹಿಂ ಆದಿಲ್‌ಶಾಹ (1580–1627) ತನ್ನ ತಾಮ್ರದ ನಾಣ್ಯಗಳ ಮೇಲೆ ಪರ್ಷಿಯನ್ ಲಿಪಿಯಲ್ಲೇ ‘ಅಬಲಾ ಬಲಿ’ ಎಂದು ಬರೆಸಿದ. ದುರ್ಬಲರ ಬೆನ್ನಿಗಿರುವವನೆಂಬ ಆ ಬಿರುದು ಈ ನೆಲದ ನುಡಿಯದು. ಕಡಲ ಹಾದಿಗೆ ಅಲ್ಲಿನವರು ಒಪ್ಪುವ ಆಕಾರ, ಒಳನಾಡಿಗೆ ಇಲ್ಲಿನವರು ಬಲ್ಲ ಬಿರುದು: ಹಣ ಯಾರ ಕೈಗೆ ಹೋಗುತ್ತದೆಂಬುದನ್ನು ಈ ಟಂಕಸಾಲೆಗಳು ಚೆನ್ನಾಗಿ ಅರಿತಿದ್ದವು.

1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. ಅಲ್ಲಿನ ಟಂಕಸಾಲೆಯಿಂದ ಮೊಗಲರ ದುಂಡನೆಯ ಬೆಳ್ಳಿ ರೂಪಾಯಿ ಹೊರಬಿತ್ತು.

ಆದಿಲ್‌ಶಾಹಿ ತಾಮ್ರಕ್ಕೆ ಇಂದಿಗೂ ಚಿನ್ನದ ಮರ್ಯಾದೆ ಇಲ್ಲ. ಗುಜರಿಗೆ ಹೋದರೆ ಕರಗಿಯೇ ಹೋಗುತ್ತದೆ. ಆದರೆ ನಾಣ್ಯ ಯಾವ ಊರಿನ ಯಾವ ಹೊಲದಲ್ಲಿ ಸಿಕ್ಕಿತು, ಜೊತೆಗೆ ಇನ್ನೇನೇನು ಸಿಕ್ಕಿತು ಎಂಬ ವಿವರವೇ ಹಳೆಯ ವ್ಯಾಪಾರದ ಹಾದಿಯನ್ನು ತೋರಬಲ್ಲದು. ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕರ್ನಾಟಕದ 1962ರ ನಿಧಿ ಕಾಯ್ದೆ ಹೇಳುತ್ತದೆ. ತಾಮ್ರದ ನಾಣ್ಯದ ಗಡಿಗೆಗೂ ಆ ಕಾಯ್ದೆ ಅನ್ವಯಿಸುತ್ತದೆ.