ಹೌಸ್ ನೃತ್ಯ

ಹೌಸ್ ನೃತ್ಯವು ಅಮೆರಿಕ ಸಂಯುಕ್ತ ಸಂಸ್ಥಾನದ ಷಿಕಾಗೋ ಮತ್ತು ನ್ಯೂಯಾರ್ಕ್ ನಗರಗಳ ಕ್ಲಬ್ಬುಗಳಲ್ಲಿ 1970ರ ದಶಕದ ಕೊನೆಯಿಂದ 1980ರ ದಶಕದವರೆಗೆ ರೂಪುಗೊಂಡ ಒಂದು ಸಾಮಾಜಿಕ ನೃತ್ಯಶೈಲಿ. ಮುಂಡವನ್ನು ಅಲೆಯಂತೆ ಆಡಿಸುವುದು, ಚುರುಕಾದ ಪಾದಗತಿ ಹಾಗೂ ನೆಲದ ಮೇಲೆ ಜಾರುವಂಥ ಮೃದು ಚಲನೆಗಳು ಇದರ ಮುಖ್ಯ ಲಕ್ಷಣಗಳು. ಮೊದಲೇ ಹೆಣೆದ ಸಂಯೋಜನೆಗಿಂತ ಆಶುನರ್ತನಕ್ಕೆ ಇದರಲ್ಲಿ ಹೆಚ್ಚಿನ ಸ್ಥಾನವಿದೆ.

ಹುಟ್ಟು

1970ರಲ್ಲಿ ಡೇವಿಡ್ ಮಾನ್ಕುಸೊ ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯಲ್ಲಿದ್ದ ತಮ್ಮ ವಾಸಸ್ಥಳದಲ್ಲಿಯೇ ಆಹ್ವಾನಿತರಿಗಾಗಿ ನೃತ್ಯಕೂಟಗಳನ್ನು ಆರಂಭಿಸಿದರು. 'ದಿ ಲಾಫ್ಟ್' ಎಂದು ಹೆಸರಾದ ಈ ಕೂಟಗಳಲ್ಲಿ ಮದ್ಯ ಮಾರಾಟವಿರಲಿಲ್ಲ. 1977ರಿಂದ 1987ರವರೆಗೆ ನಡೆದ 'ಪ್ಯಾರಡೈಸ್ ಗ್ಯಾರೇಜ್' ಕ್ಲಬ್ಬು ಇದೇ ಮಾದರಿಯನ್ನು ದೊಡ್ಡ ಪ್ರಮಾಣದಲ್ಲಿ ಮುಂದುವರಿಸಿತು. ಹಿಂದೆ ವಾಹನಗಳನ್ನು ನಿಲ್ಲಿಸುತ್ತಿದ್ದ ಕಟ್ಟಡವೊಂದರಲ್ಲಿದ್ದ ಈ ಕ್ಲಬ್ಬಿನಲ್ಲಿ ಲ್ಯಾರಿ ಲೆವನ್ ಡಿಜೆ ಆಗಿದ್ದರು. ಅಲ್ಲಿಯೂ ಮದ್ಯವಿರಲಿಲ್ಲ, ಜನರು ಬರುತ್ತಿದ್ದುದು ಕುಣಿಯುವುದಕ್ಕೆ. ಬೆಳಗಿನವರೆಗೂ ನಡೆಯುತ್ತಿದ್ದ ಈ ಕುಣಿತಕ್ಕೆ ಒದಗುವಂತೆ, ದಣಿವನ್ನು ಹತೋಟಿಯಲ್ಲಿಡುವ ಸಡಿಲವಾದ ದೇಹಭಾಷೆ ಬೆಳೆಯಿತೆಂದು ತಿಳಿಯುವುದು ಸಮಂಜಸವಾಗಿದೆ.

ನ್ಯೂಯಾರ್ಕಿನವರೇ ಆದ ಫ್ರಾಂಕಿ ನಕಲ್ಸ್ 1977ರಲ್ಲಿ ಷಿಕಾಗೋದ 'ವೇರ್‌ಹೌಸ್' ಕ್ಲಬ್ಬಿಗೆ ಡಿಜೆ ಆಗಿ ಹೋದರು. ಹೌಸ್ ಎಂಬ ಹೆಸರು ಈ ಕ್ಲಬ್ಬಿನಿಂದಲೇ ಬಂದಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 1979ರ ಜುಲೈ 12ರಂದು ಅದೇ ನಗರದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೋ ಧ್ವನಿಮುದ್ರಿಕೆಗಳನ್ನು ಸಾರ್ವಜನಿಕವಾಗಿ ಸ್ಫೋಟಿಸಲಾಯಿತು. ಡಿಸ್ಕೋ ಮೇಲಿನ ಈ ಸಿಟ್ಟಿನ ಹಿಂದೆ ಆಫ್ರಿಕನ್ ಅಮೆರಿಕನ್ನರ, ಲ್ಯಾಟಿನೋ ಜನರ ಹಾಗೂ ಸಲಿಂಗಕಾಮಿಗಳ ಮೇಲಿನ ದ್ವೇಷವಿತ್ತೆಂದು ಹಲವರು ಗುರುತಿಸಿದ್ದಾರೆ. ಹೌಸ್ ಕ್ಲಬ್ಬುಗಳಿಗೆ ಹೆಚ್ಚಾಗಿ ಬರುತ್ತಿದ್ದವರೂ ಇವರೇ. ರೇಡಿಯೋದಿಂದ ಡಿಸ್ಕೋ ಹಿಂದೆ ಸರಿದ ಮೇಲೆಯೂ ಕ್ಲಬ್ಬುಗಳ ಡಿಜೆಗಳು ಹಳೆಯ ಹಾಡುಗಳನ್ನು ಕತ್ತರಿಸಿ, ಜೋಡಿಸಿ, ಡ್ರಮ್ ಯಂತ್ರಗಳ ಬಡಿತ ಸೇರಿಸಿ ನುಡಿಸುತ್ತ ಹೋದರು. ಹೌಸ್ ಸಂಗೀತ ಹೀಗೆ ಮೈತಳೆಯಿತು.

ಜ್ಯಾಕಿಂಗ್

ಈ ನೃತ್ಯದ ತಳಹದಿ ಜ್ಯಾಕಿಂಗ್. ಮಂಡಿಗಳನ್ನು ತುಸು ಬಗ್ಗಿಸಿ, ಎದೆಯನ್ನು ಮುಂದಕ್ಕೂ ಹಿಂದಕ್ಕೂ ತೂಗಿದಾಗ ಆ ಚಲನೆಯು ಬೆನ್ನುಮೂಳೆಯುದ್ದಕ್ಕೂ ಅಲೆಯಾಗಿ ಹರಿಯುತ್ತದೆ. ಹೌಸ್ ಸಂಗೀತದಲ್ಲಿ ನಾಲ್ಕು ಎಣಿಕೆಗಳಲ್ಲಿ ಪ್ರತಿಯೊಂದರ ಮೇಲೂ ದಪ್ಪ ಡ್ರಮ್ಮಿನ ಪೆಟ್ಟು ಬೀಳುತ್ತದೆ. ಎರಡು ಪೆಟ್ಟುಗಳ ನಡುವೆ ತಾಳದ ತಟ್ಟೆಯ ಸಣ್ಣ ಸದ್ದು ಕೇಳುತ್ತದೆ. ವೇಗವು ನಿಮಿಷಕ್ಕೆ ಸುಮಾರು 120ರಿಂದ 130 ಬಡಿತಗಳಷ್ಟಿರುತ್ತದೆ. ಪಾದವು ಪೆಟ್ಟನ್ನು ಹಿಡಿದರೆ ಮುಂಡವು ಆ ನಡುವಿನ ಅವಕಾಶವನ್ನು ತುಂಬುತ್ತದೆ. ಹರಿವಿನ ಅನುಭವ ಹುಟ್ಟುವುದು ಇಲ್ಲಿಯೇ. ಹೆಜ್ಜೆಗಳನ್ನು ಮಾತ್ರ ಕಲಿತು ಜ್ಯಾಕಿಂಗನ್ನು ಕೈಬಿಟ್ಟವರ ನೃತ್ಯವು ಕಾಲಿನ ವ್ಯಾಯಾಮದಂತೆ ಕಾಣುವುದುಂಟು.

ಆರಂಭದ ಅನೇಕ ಹೌಸ್ ಹಾಡುಗಳ ಶೀರ್ಷಿಕೆಯಲ್ಲಿ 'ಜ್ಯಾಕ್' ಎಂಬ ಪದವಿದೆ. ಸ್ಟೀವ್ 'ಸಿಲ್ಕ್' ಹರ್ಲಿಯವರ 'ಜ್ಯಾಕ್ ಯುವರ್ ಬಾಡಿ' 1987ರ ಜನವರಿಯಲ್ಲಿ ಬ್ರಿಟನ್ನಿನ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.

ಪಾದಗತಿ ಮತ್ತು ಲಾಫ್ಟಿಂಗ್

ಪಾದಗತಿಯಲ್ಲಿ ಷಫಲ್, ಸ್ಕೇಟ್, ಹೀಲ್-ಟೋ, ಲೂಸ್ ಲೆಗ್ಸ್ ಮೊದಲಾದ ಹೆಜ್ಜೆಗಳಿವೆ. ಒಂದು ಕಾಲನ್ನು ಹಿಂದಿನಿಂದ ಅಡ್ಡ ಹಾಯಿಸಿ, ಇನ್ನೊಂದನ್ನು ಪಕ್ಕಕ್ಕಿಟ್ಟು, ಮತ್ತೆ ಮೊದಲನೆಯದನ್ನು ಮುಂದಿಡುವ ಹೆಜ್ಜೆಗೆ ಪಾ ದ ಬುರೇ ಎಂದೇ ಹೆಸರು. ಬ್ಯಾಲೆಯ ಶಾಲೆಗಳ ಪದವೊಂದು ಕ್ಲಬ್ಬಿನ ಕತ್ತಲೆಯಲ್ಲಿ ಬಳಕೆಗೆ ಬಂದದ್ದು ಕುತೂಹಲಕರ. ಟ್ಯಾಪ್, ಜಾಝ್, ಸಾಲ್ಸಾ, ಆಫ್ರಿಕನ್ ನೃತ್ಯಗಳು ಹಾಗೂ ಬ್ರೆಜಿಲ್‌ನ ಕಪೊಯೆರಾದಿಂದಲೂ ಚಲನೆಗಳು ಬಂದು ಸೇರಿವೆ. ಪಾದಗಳು ಸರಾಗವಾಗಿ ಜಾರಲೆಂದು ನೆಲದ ಮೇಲೆ ಟಾಲ್ಕಂ ಪುಡಿ ಎರಚುವ ರೂಢಿಯೂ ಇತ್ತು.

ನೆಲಮಟ್ಟದ ಚಲನೆಗಳಿಗೆ ಲಾಫ್ಟಿಂಗ್ ಎನ್ನುತ್ತಾರೆ. ಹೆಸರು ಮಾನ್ಕುಸೊ ಅವರ ಕೂಟದಿಂದ ಬಂದುದು. ಬ್ರೇಕ್ ನೃತ್ಯದ ರಭಸ ಇಲ್ಲಿಲ್ಲ. ನರ್ತಕರು ಸದ್ದಿಲ್ಲದೆ ನೆಲಕ್ಕಿಳಿದು, ಕೈಗಳ ಮೇಲೆ ಭಾರ ಹೊತ್ತು ಹೊರಳಿ, ತಾಳ ತಪ್ಪದೆ ಮೇಲೇಳುತ್ತಾರೆ.

ಪ್ರಸರಣ

ಆರಂಭದಲ್ಲಿ ಇದಕ್ಕೆ ಶಾಲೆಯಾಗಲಿ ಪಠ್ಯವಾಗಲಿ ಇರಲಿಲ್ಲ. ಒಬ್ಬರ ಕುಣಿತವನ್ನು ನೋಡಿ ಇನ್ನೊಬ್ಬರು ಕಲಿಯುತ್ತಿದ್ದರು. 1980ರ ದಶಕದಲ್ಲಿ ಏಡ್ಸ್ ರೋಗವು ಈ ಕ್ಲಬ್ಬುಗಳ ವಲಯದಲ್ಲಿ ಅನೇಕರನ್ನು ಬಲಿ ತೆಗೆದುಕೊಂಡಿತು. ಕಣ್ಣು-ಮೈಗಳ ಮೂಲಕವೇ ಸಾಗಿಬಂದ ಕಲೆಯೊಂದಕ್ಕೆ ಇಂಥ ಸಾವುಗಳು ಕೇವಲ ವೈಯಕ್ತಿಕ ನಷ್ಟವಾಗಿರಲಿಲ್ಲ. ಯಾವ ಹೆಜ್ಜೆಯನ್ನು ಯಾರು ಮೊದಲು ಇಟ್ಟರು ಎಂಬ ಪ್ರಶ್ನೆಗಳಿಗೆ ಉತ್ತರಿಸಬಲ್ಲ ಹಲವರು ಹೀಗೆ ಇಲ್ಲವಾದರು.

ಉಳಿದುದನ್ನು ಮುಂದಿನ ಪೀಳಿಗೆಗೆ ದಾಟಿಸಿದವರಲ್ಲಿ ಮಾರ್ಜೊರಿ ಸ್ಮಾರ್ಥ್, ಈಜೋ ವಿಲ್ಸನ್, ಬ್ರಯನ್ ಗ್ರೀನ್, ಕೇಲೀಫ್ ಸೆಲರ್ಸ್ ಪ್ರಮುಖರು. ತರಗತಿಗಳಿಗಾಗಿ ಹೆಜ್ಜೆಗಳಿಗೆ ನಿಶ್ಚಿತ ಹೆಸರುಗಳು ಬೇಕಾದವು. ಅದರಿಂದ ಶೈಲಿಯು ದೂರದ ದೇಶಗಳಿಗೂ ತಲುಪಿತು. ಆದರೆ ಪಟ್ಟಿಯಲ್ಲಿರುವ ಹೆಜ್ಜೆಗಳಷ್ಟೇ ಹೌಸ್ ಎಂಬ ತಪ್ಪು ತಿಳಿವಳಿಕೆಗೂ ಅದು ದಾರಿಮಾಡಿತು. ಪ್ಯಾರಿಸ್ಸಿನಲ್ಲಿ 2002ರಿಂದ ನಡೆಯುತ್ತಿರುವ 'ಜುಸ್ತ್ ದೆಬೂ' ಸ್ಪರ್ಧೆಯಲ್ಲಿ ಹೌಸ್ ಒಂದು ಪ್ರತ್ಯೇಕ ವಿಭಾಗ. ಸ್ಪರ್ಧೆಯ ಒಂದೆರಡು ನಿಮಿಷಗಳ ಸರದಿಗೂ ಇಡೀ ರಾತ್ರಿಯ ಕುಣಿತಕ್ಕೂ ಇರುವ ಅಂತರ ನರ್ತಕರ ನಡುವೆ ಈಗಲೂ ಚರ್ಚೆಯ ವಿಷಯ.

ಷಿಕಾಗೋದಲ್ಲಿಯೇ ಬೆಳೆದ, ನಿಮಿಷಕ್ಕೆ ಸುಮಾರು 160 ಬಡಿತಗಳ ಸಂಗೀತಕ್ಕೆ ಕುಣಿಯುವ 'ಫುಟ್‌ವರ್ಕ್' ಎಂಬ ನೃತ್ಯವು ಹೌಸ್‌ನ ಪಾದಗತಿಯಿಂದ ಬೇರೆಯಾದುದು.