ಹಳೇ ಮಾರುತಿ 800 ದಾರಿಯಲ್ಲಿ ಕೈ ಕೊಡಬಾರದು ಅಂದ್ರೆ ಮನೆಯಲ್ಲೇ ಏನೇನು ನೋಡ್ಕೋಬೇಕು? ಇಲ್ಲಿದೆ ಮಾಹಿತಿ

ಮಾರುತಿ 800 ಮೊದಲು ರಸ್ತೆಗೆ ಇಳಿದಿದ್ದು 1983ರ ಡಿಸೆಂಬರ್‌ನಲ್ಲಿ. 2014ರ ಜನವರಿಯಲ್ಲಿ ಕಂಪನಿ ಇದರ ತಯಾರಿಕೆ ನಿಲ್ಲಿಸಿತು. ಅಂದರೆ ಈಗ ಓಡುತ್ತಿರುವ ಯಾವ 800 ಕೂಡ ಹೊಸದಲ್ಲ. ಆದರೂ ಅಂಗಡಿಗೆ ಸಾಮಾನು ತರಲು, ಸಂತೆಗೆ ಹೋಗಲು, ರಾತ್ರಿ ಹೊತ್ತು ಆಸ್ಪತ್ರೆಗೆ ಓಡಲು ಇದನ್ನೇ ನಂಬಿಕೊಂಡವರು ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ.

ಹಳೇ ಕಾರು ಕೆಡುವ ಮುಂಚೆ ಬಹಳ ಸಲ ಸೂಚನೆ ಕೊಡುತ್ತೆ. ಅದರಲ್ಲಿ ಬ್ಯಾಟರಿ, ಪ್ಲಗ್‌ನಂಥವು ಕಡಿಮೆ ಖರ್ಚಿನಲ್ಲಿ ಮುಗಿಯುವ ತೊಂದರೆಗಳು. ಎಂಜಿನ್ ಹೀಟ್ ಆಗಿದ್ದನ್ನು ಗಮನಿಸದೆ ಓಡಿಸಿದರೆ ಮಾತ್ರ ಒಂದೇ ಸಲಕ್ಕೆ ಹೆಡ್ ಬಿಚ್ಚುವ ಕೆಲಸ ಬೀಳಬಹುದು. ಹಾಗಾಗಿ ಬಾನೆಟ್ ಎತ್ತಿದರೆ ಮೊದಲು ನೋಡಬೇಕಾದ್ದು ನೀರು.

ರೇಡಿಯೇಟರ್‌ಗೆ ಬೋರ್ ನೀರು ಬೇಡ

ವಾರಕ್ಕೊಮ್ಮೆ ಬೆಳಗ್ಗೆ, ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮತ್ತು ಪಕ್ಕದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಲೆಂಟ್ ಮಟ್ಟ ನೋಡಬೇಕು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆದರೆ ಕುದಿಯುವ ನೀರು ಮುಖಕ್ಕೇ ಚಿಮ್ಮುತ್ತೆ. ಅರ್ಜೆಂಟ್ ಇದ್ದರೂ ಈ ಕೆಲಸ ಮಾಡಬಾರದು.

ನೀರು ಕಡಿಮೆ ಆದಾಗ ಬೋರ್‌ವೆಲ್ ನೀರು ಹಾಕಿಬಿಡುವುದು ಹಲವರ ರೂಢಿ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರ ಇದೆಯಲ್ಲ, ಅದೇ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತೆ. ಕೊಳವೆ ಕಟ್ಟಿಕೊಂಡರೆ ನೀರು ತುಂಬಿದ್ದರೂ ಎಂಜಿನ್ ತಣ್ಣಗಾಗಲ್ಲ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್‌ಗೆ ಕೂಲೆಂಟ್ ಬೆರೆಸಿ ಹಾಕುವುದೇ ಸರಿ. ಎಷ್ಟಕ್ಕೆ ಎಷ್ಟು ಅನ್ನುವುದು ಕೂಲೆಂಟ್ ಡಬ್ಬಿ ಮೇಲೆಯೇ ಇರುತ್ತೆ. ದಾರಿಯಲ್ಲಿ ಬೇರೆ ಗತಿ ಇಲ್ಲದೆ ಬೋರ್ ನೀರು ಹಾಕಿದ್ದರೆ, ಆಮೇಲೆ ಪೂರ್ತಿ ಖಾಲಿ ಮಾಡಿ ಬದಲಿಸಬೇಕು.

800ರ ರೇಡಿಯೇಟರ್ ಫ್ಯಾನ್ ಕರೆಂಟ್‌ನಲ್ಲಿ ತಿರುಗುತ್ತೆ. ಕಾರನ್ನು ಬಯಲಲ್ಲಿ ನಿಲ್ಲಿಸಿ, ಎಂಜಿನ್ ಆನ್ ಇಟ್ಟು ಕಾದರೆ ಬಿಸಿ ಏರಿದ ಮೇಲೆ ಫ್ಯಾನ್ ತಾನಾಗೇ ತಿರುಗಬೇಕು. ಮುಳ್ಳು ಅರ್ಧ ದಾಟಿ ಮೇಲೇರಿದರೂ ತಿರುಗದಿದ್ದರೆ ಎಂಜಿನ್ ಆಫ್ ಮಾಡಿ ಫ್ಯೂಸ್ ಮತ್ತು ಫ್ಯಾನ್‌ನ ಕನೆಕ್ಟರ್ ನೋಡಬೇಕು. ಎರಡೂ ಸರಿ ಇದ್ದರೆ ಥರ್ಮೋ ಸ್ವಿಚ್ ಅಥವಾ ಮೋಟಾರ್ ಕೆಟ್ಟಿರಬಹುದು. ಫ್ಯಾನ್ ಯಾವಾಗ ತಿರುಗುತ್ತೋ ಹೇಳಕ್ಕಾಗಲ್ಲ, ಹತ್ತಿರ ಬೆರಳು ಹಾಕಬಾರದು.

ಹೀಟ್ ಆಗುತ್ತೆ ಅಂತ ಕೆಲವೆಡೆ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಕುತ್ತಾರೆ. ಇದರಿಂದ ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಪೆಟ್ರೋಲ್ ಹೆಚ್ಚು ಕುಡಿಯುತ್ತೆ. ಅಸಲಿ ತೊಂದರೆ ಹಾಗೇ ಉಳಿಯುತ್ತೆ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ

ಎಸಿ ಇದ್ದರೆ ಆಫ್ ಮಾಡಿ, ಹೀಟರ್ ಇದ್ದರೆ ಫುಲ್ ಆನ್ ಮಾಡಬೇಕು. ಹೀಟರ್ ಎಂಜಿನ್ ಬಿಸಿಯನ್ನೇ ಒಳಗೆ ಎಳೆದುಕೊಳ್ಳುವುದರಿಂದ ಒಂದಿಷ್ಟು ಬಿಸಿ ಇಳಿಯುತ್ತೆ. ಜಾಗ ಸಿಕ್ಕ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಬಿಸಿ ಎಂಜಿನ್‌ಗೆ ತಣ್ಣೀರು ಸುರಿಯಬಾರದು. ‘ಇನ್ನೇನು ಎರಡು ಕಿಲೋಮೀಟರ್, ಊರು ಬಂತು’ ಅಂತ ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತೆ.

ಹೆಡ್ ಗ್ಯಾಸ್ಕೆಟ್ ಹೋಗಿದೆ ಅನ್ನುವುದಕ್ಕೆ ಮುಖ್ಯ ಗುರುತುಗಳು:

- ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಕಡಿಮೆ ಆಗುತ್ತಿರುತ್ತೆ
- ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರುತ್ತೆ
- ಗೇಜಿನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿರುತ್ತೆ

ಆಯಿಲ್ ಹೀಗೆ ಕಂಡರೆ ಮತ್ತೆ ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗುವುದೇ ಲಾಭ.

ಸೆಲ್ಫ್ ಹೊಡೆಯದಿದ್ದರೆ

ಕೀ ತಿರುಗಿಸಿದಾಗ ಬರೀ ‘ಟಕ್ ಟಕ್’ ಅಂದು ಲೈಟ್ ಮಂಕಾದರೆ ಬ್ಯಾಟರಿ ಡೌನ್ ಆಗಿರುತ್ತೆ, ಇಲ್ಲವೇ ಟರ್ಮಿನಲ್ ಹಿಡಿದಿರುತ್ತೆ. ಹೊಸ ಬ್ಯಾಟರಿ ಕೊಳ್ಳುವ ಮುಂಚೆ ಟರ್ಮಿನಲ್ ನೋಡಬೇಕು. ಬಿಳಿ, ಹಸಿರು ಪುಡಿ ಕಟ್ಟಿದ್ದರೆ 10 ನಂಬರ್ ಸ್ಪ್ಯಾನರ್‌ನಿಂದ ಮೊದಲು ಮೈನಸ್, ಆಮೇಲೆ ಪ್ಲಸ್ ಬಿಚ್ಚಬೇಕು. ಬಿಸಿನೀರು ಹಾಕಿ ಹಳೇ ಬ್ರಷ್‌ನಿಂದ ಉಜ್ಜಿ, ಒರೆಸಿ, ಮೊದಲು ಪ್ಲಸ್, ಕೊನೆಗೆ ಮೈನಸ್ ಬಿಗಿದು ಮೇಲೆ ವ್ಯಾಸಲೀನ್ ಹಚ್ಚಿದರೆ ಸಾಕು.

ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಿದರೆ ಪೂರ್ತಿ ಚಾರ್ಜ್ ಇದೆ ಅಂತ ಅರ್ಥ, 12.2 ಅಂದ್ರೆ ಅರ್ಧ ಚಾರ್ಜ್. ಎಂಜಿನ್ ಆನ್ ಇದ್ದಾಗ 14ರ ಆಸುಪಾಸು ಬರಬೇಕು. ಆಗಲೂ 12ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಕೆಲಸ ಮಾಡುತ್ತಿಲ್ಲ. ಬ್ಯಾಟರಿ ಬದಲಿಸಿದರೂ ಅದು ಮತ್ತೆ ಡೌನ್ ಆಗುತ್ತೆ.

ತಳ್ಳಿ ಸ್ಟಾರ್ಟ್ ಮಾಡುವವರು ಕೀ ಆನ್ ಇಟ್ಟು, ಎರಡನೇ ಗೇರ್‌ನಲ್ಲಿ ಕ್ಲಚ್ ಹಿಡಿದು, ವೇಗ ಬಂದಾಗ ಬಿಡಬೇಕು. ಎಂಪಿಎಫ್‌ಐ ಮಾಡೆಲ್‌ಗಳಲ್ಲಿ ಪೆಟ್ರೋಲ್ ಪಂಪ್ ಕರೆಂಟ್‌ನಲ್ಲಿ ಓಡುವುದರಿಂದ ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ತಳ್ಳಿದರೂ ಪ್ರಯೋಜನ ಇಲ್ಲ.

ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯದಿದ್ದರೆ

796 ಸಿಸಿಯ ಈ ಎಂಜಿನ್‌ಗೆ ಮೂರು ಸಿಲಿಂಡರ್, ಮೂರು ಪ್ಲಗ್. ಒಂದು ಪ್ಲಗ್ ಸತ್ತರೂ ಕಾರು ಗಡಗಡ ನಡುಗುತ್ತೆ, ಏರಿನಲ್ಲಿ ಎಳೆಯಲ್ಲ. ಎಂಜಿನ್ ತಣ್ಣಗಿದ್ದಾಗ ಪ್ಲಗ್ ಪಾನಾ ಹಾಕಿ ಒಂದೊಂದೇ ಬಿಚ್ಚಿ ನೋಡಬೇಕು. ಮೂರೂ ವೈರ್ ಒಟ್ಟಿಗೆ ಕಿತ್ತರೆ ಅದಲು ಬದಲಾಗುತ್ತೆ.

- ತುದಿ ತಿಳಿ ಕಂದು ಬಣ್ಣ: ಸರಿ ಇದೆ
- ಒಣ ಕಪ್ಪು ಮಸಿ: ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಏರ್ ಫಿಲ್ಟರ್ ಕಟ್ಟಿದೆಯಾ ನೋಡಬೇಕು
- ಜಿಡ್ಡು ಜಿಡ್ಡಾದ ಕಪ್ಪು: ಎಂಜಿನ್ ಆಯಿಲ್ ಒಳಗೆ ಸೇರುತ್ತಿದೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಕಂಡರೆ ಇದು ಖಾತ್ರಿ

ಮಳೆಗಾಲದಲ್ಲಿ ಬೆಳಗ್ಗೆ ಮಾತ್ರ ಸ್ಟಾರ್ಟ್ ಆಗದ ಕಾರಿಗೆ ಬಹಳ ಸಲ ತೇವವೇ ಕಾರಣ. ಕೀ ತೆಗೆದು, ಪ್ಲಗ್ ವೈರ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕಾಗುತ್ತೆ. ಡಿಸ್ಟ್ರಿಬ್ಯೂಟರ್ ಇರುವ ಮಾಡೆಲ್ ಆದರೆ ಅದರ ಕ್ಯಾಪ್ ಕೂಡ ಒರೆಸಬೇಕು. ತಿಂಗಳುಗಟ್ಟಲೆ ಶೆಡ್‌ನಲ್ಲಿ ನಿಂತ ಕಾರಾದರೆ ಇಲಿ ವೈರ್ ಕಡಿದಿದೆಯಾ ಅಂತಲೂ ನೋಡಬೇಕು.

ಬೆಲ್ಟ್, ಟೈರ್

ಬಾನೆಟ್ ಎತ್ತಿದಾಗ ಕಾಣುವ ಫ್ಯಾನ್ ಬೆಲ್ಟ್ ಹೆಸರಿಗೆ ಮಾತ್ರ ಫ್ಯಾನಿನದು. ಅದು ತಿರುಗಿಸುವುದು ಆಲ್ಟರ್ನೇಟರ್ ಮತ್ತು ವಾಟರ್ ಪಂಪನ್ನು. ಹಾಗಾಗಿ ಅದು ತುಂಡಾದರೆ ಚಾರ್ಜಿಂಗ್ ನಿಲ್ಲುತ್ತೆ, ಎಂಜಿನ್ನೂ ಹೀಟ್ ಆಗುತ್ತೆ. ಬಿರುಕು ಕಂಡರೆ ಬದಲಿಸಿ, ಇನ್ನೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಳ್ಳಬೇಕು.

ಹಳೇ ಕಾರು ಓಡುವುದು ಕಡಿಮೆ, ಹಾಗಾಗಿ ಟೈರ್‌ನ ಗುಂಡಿ ಸವೆಯದಿದ್ದರೂ ರಬ್ಬರ್ ಒಣಗಿರುತ್ತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2316 ಅಂದ್ರೆ 2016ನೇ ಇಸವಿಯ 23ನೇ ವಾರ ತಯಾರಾಗಿದ್ದು. ಅಷ್ಟು ಹಳೇ ಟೈರ್ ನಂಬಿ ಹೈವೇಗೆ ಹೋಗಬಾರದು. ಸ್ಟೆಪ್ನಿಯನ್ನೂ ಹೀಗೇ ನೋಡಬೇಕು.

ಕೈ ಹಾಕಬಾರದ ಕೆಲಸಗಳು

ಬ್ರೇಕ್ ಪೆಡಲ್ ಮೆತ್ತಗಾದರೆ, ಒತ್ತಿದಾಗ ಕೆಳಗಿಳಿಯುತ್ತಾ ಹೋದರೆ ಅಥವಾ ಬ್ರೇಕ್ ಆಯಿಲ್ ಪದೇ ಪದೇ ಇಳಿಯುತ್ತಿದ್ದರೆ ಕಾರನ್ನು ಓಡಿಸದೆ ಮೆಕ್ಯಾನಿಕ್‌ನನ್ನೇ ಕರೆಸಬೇಕು. ಆಯಿಲ್ ತುಂಬಿಸಿ ಓಡಿಸಿದರೆ ಸೋರಿಕೆ ನಿಲ್ಲಲ್ಲ.

ಪೆಟ್ರೋಲ್ ವಾಸನೆ ಬಂದರೂ ಅಷ್ಟೇ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತೆ. 800 ತಯಾರಾದ ಕಾಲದ ರಬ್ಬರ್ ಪೈಪುಗಳು ಇದಕ್ಕೆಂದು ಮಾಡಿದವಲ್ಲ. ಬಿರುಕು ಬಿಟ್ಟ ಪೈಪ್‌ಗೆ ಟೇಪ್ ಸುತ್ತದೆ ಹೊಸದನ್ನೇ ಹಾಕಿಸಬೇಕು. ಒಳಗಿರುವ ಟೈಮಿಂಗ್ ಬೆಲ್ಟ್ ಕೆಲಸವೂ ಗ್ಯಾರೇಜಿನದೇ. ಕೊನೆಗೆ ಯಾವಾಗ ಬದಲಿಸಿದ್ದು ಅಂತ ಗೊತ್ತಿಲ್ಲದಿದ್ದರೆ ಬದಲಿಸಿಬಿಡುವುದು ಒಳ್ಳೆಯದು.

ಆರ್‌ಸಿ ದಿನಾಂಕ ನೋಡಿಕೊಳ್ಳಿ

ಸ್ವಂತ ಬಳಕೆಯ ಕಾರಿನ ಆರ್‌ಸಿ ನೋಂದಣಿಯಾದ ದಿನದಿಂದ 15 ವರ್ಷ ನಡೆಯುತ್ತೆ. ಆಮೇಲೆ ಫಾರಂ 25 ಸಲ್ಲಿಸಿ, ಕಾರನ್ನು ತಪಾಸಣೆಗೆ ಒಪ್ಪಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಹೆಡ್ ಬಿಚ್ಚುವಂಥ ದೊಡ್ಡ ಕೆಲಸಕ್ಕೆ ದುಡ್ಡು ಹಾಕುವ ಮುಂಚೆ ಆರ್‌ಸಿ ದಿನಾಂಕವನ್ನೂ, ಕಾರಿನ ನೆಲದ ತಗಡು ಎಷ್ಟು ತುಕ್ಕು ಹಿಡಿದಿದೆ ಅನ್ನುವುದನ್ನೂ ನೋಡಿಕೊಂಡು ತೀರ್ಮಾನ ಮಾಡುವುದು ಒಳ್ಳೆಯದು.